ಹೊಲದ ಛಾಯಾಚಿತ್ರಗಳು: ಡಿಜಿಟಲ್ ಕ್ಯಾಮರಾದಿಂದ ಇಳಿಸಿಕೊಂಡು, ತಿದ್ದಿ, ಕಾಪಾಡುವ ಸುಲಭ ಕ್ರಮ

ಬೆಳೆಗೆ ತಗುಲಿದ ರೋಗವನ್ನಾಗಲಿ ಕೀಟವನ್ನಾಗಲಿ ಬಾಯಿಮಾತಿನಿಂದ ವಿವರಿಸುವುದು ಎಷ್ಟು ಕಷ್ಟವೆಂಬುದು ಬೇಸಾಯಗಾರರೆಲ್ಲರಿಗೂ ಅನುಭವಸಿದ್ಧವಾದ ವಿಷಯ. ‘ಎಲೆ ಹಳದಿಯಾಗಿದೆ’ ಎಂದು ಹೇಳಿದ ಮಾತ್ರಕ್ಕೆ ಕಾರಣವು ಗೊತ್ತಾಗುವುದಿಲ್ಲ. ಸಾರಜನಕದ ಕೊರತೆಯಿದ್ದರೆ ಹಳದಿಯು ಕೆಳಗಿನ ಬಲಿತ ಎಲೆಗಳಲ್ಲಿ ಮೊದಲು ತೋರುವುದು. ಕಬ್ಬಿಣದ ಕೊರತೆಯಿದ್ದರೆ ತುದಿಯ ಎಳೆಯ ಎಲೆಗಳಲ್ಲಿ ನರಗಳು ಹಸಿರಾಗಿಯೇ ಉಳಿದು ಅವುಗಳ ನಡುವಣ ಭಾಗ ಮಾತ್ರ ಬಿಳಿಚುವುದು. ಒಂದಕ್ಕೆ ಕೊಡುವ ಗೊಬ್ಬರವು ಇನ್ನೊಂದಕ್ಕೆ ಪ್ರಯೋಜನಕ್ಕೆ ಬಾರದು. ಹೀಗಿರುವಲ್ಲಿ, ದೂರದಲ್ಲಿರುವ ಕೃಷಿ ವಿಜ್ಞಾನ ಕೇಂದ್ರದವರಿಗೆ ಸ್ಪಷ್ಟವಾದ ಒಂದು ಛಾಯಾಚಿತ್ರವನ್ನು ತೋರಿಸಿದರೆ ಹತ್ತು ಪುಟಗಳ ಕಾಗದವು ಮಾಡದ ಕೆಲಸವನ್ನು ಅದು ಮಾಡುವುದು.

ಇದಕ್ಕೆ ನಮ್ಮ ನಾಡಿನಲ್ಲಿಯೇ ಒಳ್ಳೆಯ ದೃಷ್ಟಾಂತವುಂಟು. ಅಮೆರಿಕಾ ಖಂಡಗಳಲ್ಲಿ ಹುಟ್ಟಿ, 2016ರಲ್ಲಿ ಆಫ್ರಿಕಾಕ್ಕೆ ಹಬ್ಬಿದ ಫಾಲ್ ಸೈನಿಕ ಹುಳುವು 2018ನೆಯ ಇಸವಿ ಮೇ ತಿಂಗಳಲ್ಲಿ ಭಾರತದಲ್ಲಿ ಮೊಟ್ಟಮೊದಲು ಶಿವಮೊಗ್ಗದ ಸೀಮೆಯ ಮುಸುಕಿನ ಜೋಳದಲ್ಲಿ ಕಂಡುಬಂದಿತು. ಈ ಹುಳುವನ್ನು ಉಳಿದ ಹುಳುಗಳಿಂದ ಬೇರ್ಪಡಿಸಿ ಗುರುತಿಸುವ ಲಕ್ಷಣಗಳು ಬಹು ಚಿಕ್ಕವು. ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ ಅಕ್ಷರದ ಆಕಾರದ ಗೆರೆ ಒಂದು. ಹೊಟ್ಟೆಯ ಎಂಟನೆಯ ಖಂಡದ ಬೆನ್ನ ಮೇಲೆ ಚೌಕಾಕಾರವಾಗಿ ನಿಂತ ನಾಲ್ಕು ಕಪ್ಪು ಚುಕ್ಕೆಗಳು ಇನ್ನೊಂದು. ಚಿತ್ರದಲ್ಲಿ ಇವು ಕಾಣಿಸಿದರೆ ಪರಿಣತರು ಕೂಡಲೇ ನಿರ್ಣಯ ಹೇಳಬಲ್ಲರು; ಕಾಣಿಸದಿದ್ದರೆ ಚಿತ್ರವಿದ್ದೂ ಇಲ್ಲದಂತೆಯೇ ಸರಿ.

ಈಗ ಅನೇಕ ಗ್ರಾಮಗಳಲ್ಲಿ ಡಿಜಿಟಲ್ ಕ್ಯಾಮರಾಗಳೂ ಕ್ಯಾಮರಾವುಳ್ಳ ಮೊಬೈಲು ಫೋನುಗಳೂ ಇವೆ. ಚಿತ್ರ ತೆಗೆಯುವುದನ್ನು ಬಹುಮಂದಿ ಕಲಿತಿದ್ದಾರೆ. ಆದರೆ ತೆಗೆದ ಚಿತ್ರವನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಬೇಕಾದಷ್ಟು ಮಾತ್ರ ತಿದ್ದಿ, ಮೂಲವನ್ನು ಕೆಡದಂತೆ ಇಟ್ಟುಕೊಳ್ಳುವ ಕ್ರಮವು ಅಷ್ಟಾಗಿ ಬಳಕೆಗೆ ಬಂದಿಲ್ಲ. ಇದು ಕಷ್ಟದ ವಿದ್ಯೆಯೇನೂ ಅಲ್ಲ. ಇದಕ್ಕೆ ಬೇಕಾದ ತಂತ್ರಾಂಶಗಳಲ್ಲಿ ಅನೇಕವು ಹಣ ಕೊಡದೆ ದೊರೆಯತಕ್ಕವು. ಅವುಗಳ ಉಪಯೋಗವನ್ನು ಮೊದಲಿನಿಂದ ಕಲಿಯುವವರಿಗೆ ಅನುಕೂಲವಾಗುವಂತೆ ಕೆಳಗೆ ವಿವರಿಸಿದೆ.

ಕ್ಯಾಮರಾದೊಳಗೆ ನಡೆಯುವುದೇನು?

ಹಿಂದಿನ ಕ್ಯಾಮರಾಗಳಲ್ಲಿ ಬೆಳಕು ಫಿಲ್ಮಿನ ಮೇಲೆ ಬಿದ್ದು ಚಿತ್ರ ಮೂಡುತ್ತಿತ್ತು. ಡಿಜಿಟಲ್ ಕ್ಯಾಮರಾದಲ್ಲಿ ಫಿಲ್ಮು ಇಲ್ಲ. ಅದರ ಸ್ಥಾನದಲ್ಲಿ ಬೆಳಕನ್ನು ಗ್ರಹಿಸುವ ಅಸಂಖ್ಯಾತ ಕಣಗಳುಳ್ಳ ಒಂದು ಚಿಕ್ಕ ತಗಡು ಇರುತ್ತದೆ. ಅಮೆರಿಕಾ ದೇಶದ ಕೊಡಕ್ ಕಂಪೆನಿಯಲ್ಲಿ ಸ್ಟೀವನ್ ಸ್ಯಾಸನ್ ಎಂಬ ಇಂಜಿನಿಯರು 1975ರಲ್ಲಿ ಇಂಥ ಕ್ಯಾಮರಾವನ್ನು ಮೊದಲು ಕಟ್ಟಿದನು. ಅದರ ತೂಕ ಸುಮಾರು 3.6 ಕಿಲೋಗ್ರಾಂ, ಒಂದು ಚಿತ್ರದಲ್ಲಿದ್ದುದು ಅಡ್ಡ 100, ಉದ್ದ 100, ಒಟ್ಟು 10,000 ಚುಕ್ಕೆಗಳು ಮಾತ್ರ, ಆ ಕಪ್ಪು ಬಿಳುಪು ಚಿತ್ರವನ್ನು ಕ್ಯಾಸೆಟ್ ಟೇಪಿನ ಮೇಲೆ ಬರೆದುಕೊಳ್ಳಲು 23 ಸೆಕೆಂಡುಗಳು ಹಿಡಿಯುತ್ತಿದ್ದವು. ಇಂದು 12 ಮೆಗಾಪಿಕ್ಸೆಲ್ಲಿನ ಸಾಧಾರಣ ಕ್ಯಾಮರಾದ ಚಿತ್ರವೊಂದರಲ್ಲಿ ಅಡ್ಡ 4,000, ಉದ್ದ 3,000, ಒಟ್ಟು 1 ಕೋಟಿ 20 ಲಕ್ಷ ಚುಕ್ಕೆಗಳಿರುತ್ತವೆ.

ಒಂದೊಂದು ಚುಕ್ಕೆಗೂ ಕೆಂಪು, ಹಸಿರು, ನೀಲಿ ಎಂಬ ಮೂರು ಬಣ್ಣಗಳ ಲೆಕ್ಕವನ್ನು ಇಡಬೇಕಾದುದರಿಂದ, ಇಂಥ ಚಿತ್ರವನ್ನು ಇದ್ದಂತೆಯೇ ಬರೆದರೆ ಸುಮಾರು 36 ಮೆಗಾಬೈಟು ಸ್ಥಳ ಬೇಕಾಗುವುದು. ಆದಕಾರಣ ಕ್ಯಾಮರಾಗಳು ಚಿತ್ರವನ್ನು ಜೆಪೆಗ್ ಎಂಬ ಕ್ರಮದಲ್ಲಿ ಸಂಕೋಚಗೊಳಿಸಿ ನಾಲ್ಕೈದು ಮೆಗಾಬೈಟುಗಳಲ್ಲಿ ಅಡಗಿಸುತ್ತವೆ. 1992ರಲ್ಲಿ ಅಂಗೀಕೃತವಾದ ಈ ಕ್ರಮದಲ್ಲಿ, ಕಣ್ಣು ಅಷ್ಟಾಗಿ ಗಮನಿಸದ ಸೂಕ್ಷ್ಮ ಅಂಶಗಳನ್ನು ಬಿಟ್ಟುಬಿಡಲಾಗುವುದು. ಹೀಗೆ ಒಮ್ಮೆ ಬಿಟ್ಟ ಅಂಶವು ಪುನಃ ದೊರೆಯುವುದಿಲ್ಲ. ಚಿತ್ರವನ್ನು ತೆರೆದು, ತಿದ್ದಿ, ಅದೇ ಹೆಸರಿನಲ್ಲಿ ಮತ್ತೆ ಉಳಿಸಿದಷ್ಟು ಸಲವೂ ಸ್ವಲ್ಪ ಸ್ವಲ್ಪ ನಷ್ಟವಾಗುತ್ತ ಹೋಗುವುದು. ಸುಮ್ಮನೆ ತೆರೆದು ನೋಡುವುದರಿಂದಾಗಲಿ, ನಕಲು ಮಾಡುವುದರಿಂದಾಗಲಿ ಈ ನಷ್ಟವಿಲ್ಲ. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದೆ ಹೇಳುವ ನಿಯಮಗಳ ಕಾರಣವು ತಾನಾಗಿ ವಿಶದವಾಗುವುದು.

ಚಿತ್ರದ ಸಂಗಡ ಕ್ಯಾಮರಾವು ಒಂದು ಗುಪ್ತ ಟಿಪ್ಪಣಿಯನ್ನೂ ಬರೆಯುವುದುಂಟು. ಇದಕ್ಕೆ ಎಕ್ಸಿಫ್ ಎಂದು ಹೆಸರು. ಚಿತ್ರ ತೆಗೆದ ತಾರೀಖು, ವೇಳೆ, ಕ್ಯಾಮರಾದ ಜಾತಿ ಇವು ಅದರಲ್ಲಿರುತ್ತವೆ. ಸ್ಥಳವನ್ನು ತಿಳಿಯುವ ಜಿಪಿಎಸ್ ಸೌಲಭ್ಯವು ಇದ್ದು ಅದನ್ನು ಚಾಲನೆಯಲ್ಲಿಟ್ಟಿದ್ದರೆ ಅಕ್ಷಾಂಶ ರೇಖಾಂಶಗಳೂ ಇರುತ್ತವೆ. ಕ್ಯಾಮರಾದ ಗಡಿಯಾರವು ತಪ್ಪಾಗಿದ್ದರೆ ಟಿಪ್ಪಣಿಯೂ ತಪ್ಪಾಗುವುದು. ಬಹುಕಾಲ ಬ್ಯಾಟರಿ ಇಲ್ಲದೆ ಇಟ್ಟ ಕ್ಯಾಮರಾದ ಗಡಿಯಾರವು ಮೊದಲಿನ ಸ್ಥಿತಿಗೆ ಹೋಗುವುದು ಸಾಮಾನ್ಯ. ಅದುಕಾರಣ ಹೊಲಕ್ಕೆ ಹೊರಡುವ ಮುನ್ನ ತಾರೀಖು ವೇಳೆಗಳನ್ನು ಸರಿಪಡಿಸಿಕೊಳ್ಳುವುದು ಮೊದಲನೆಯ ಕೆಲಸ.

ಚಿತ್ರಗಳನ್ನು ಇಳಿಸಿಕೊಳ್ಳುವ ಕ್ರಮ

ಕ್ಯಾಮರಾದ ಚಿತ್ರಗಳು ಸಾಮಾನ್ಯವಾಗಿ ಎಸ್‌ಡಿ ಕಾರ್ಡು ಎಂಬ ಬಿಲ್ಲೆಯಲ್ಲಿ ಶೇಖರವಾಗುತ್ತವೆ. ಇದರ ಅಳತೆ ಉದ್ದ 32 ಮಿಲಿಮೀಟರು, ಅಗಲ 24 ಮಿಲಿಮೀಟರು, ದಪ್ಪ 2.1 ಮಿಲಿಮೀಟರು. ಇದರ ಪಕ್ಕದಲ್ಲಿ ಜಾರುವ ಒಂದು ಚಿಕ್ಕ ಚಿಲಕವಿರುವುದು. ಅದನ್ನು ಬೀಗದ ಕಡೆಗೆ ಸರಿಸಿದರೆ ಕಾರ್ಡಿನಲ್ಲಿರುವುದನ್ನು ಓದಬಹುದೇ ಹೊರತು ಅಳಿಸಲಾಗದು. ಹೊಸಬರು ಚಿತ್ರಗಳನ್ನು ಇಳಿಸಿಕೊಳ್ಳುವಾಗ ಈ ಚಿಲಕವನ್ನು ಹಾಕಿಕೊಳ್ಳುವುದು ಕ್ಷೇಮಕರ.

ಕಾರ್ಡನ್ನು ಕಂಪ್ಯೂಟರಿಗೆ ಸಂಬಂಧಿಸಲು ಎರಡು ಮಾರ್ಗಗಳಿವೆ. ಕ್ಯಾಮರಾವನ್ನೇ ಯುಎಸ್‌ಬಿ ತಂತಿಯಿಂದ ಸೇರಿಸುವುದು ಒಂದು. ಕಾರ್ಡನ್ನು ಹೊರತೆಗೆದು ‘ಕಾರ್ಡ್ ರೀಡರ್’ ಎಂಬ ಚಿಕ್ಕ ಸಾಧನದಲ್ಲಿ ಸಿಕ್ಕಿಸುವುದು ಇನ್ನೊಂದು. ಮೊದಲನೆಯದರಲ್ಲಿ ಕ್ಯಾಮರಾದ ಬ್ಯಾಟರಿಯು ಖರ್ಚಾಗುವುದು. ನಡುವೆ ಬ್ಯಾಟರಿ ಮುಗಿದರೆ ಕೆಲಸವು ಅರ್ಧಕ್ಕೆ ನಿಲ್ಲುವುದು. ಎರಡನೆಯದರಲ್ಲಿ ಆ ತೊಂದರೆಯಿಲ್ಲ. ವಿದ್ಯುತ್ತು ಆಗಾಗ್ಗೆ ನಿಲ್ಲುವ ಗ್ರಾಮಗಳಲ್ಲಿ ಕಾರ್ಡ್ ರೀಡರನ್ನೂ ಬ್ಯಾಟರಿಯುಳ್ಳ ಲ್ಯಾಪ್‌ಟಾಪ್ ಕಂಪ್ಯೂಟರನ್ನೂ ಉಪಯೋಗಿಸುವುದು ಮೇಲು.

ಕಾರ್ಡನ್ನು ತೆರೆದಾಗ ಡಿಸಿಐಎಂ ಎಂಬ ಹೆಸರಿನ ಫೋಲ್ಡರು ಕಾಣುವುದು. ಯಾವ ಕಂಪೆನಿಯ ಕ್ಯಾಮರಾವಾದರೂ ಚಿತ್ರಗಳು ಈ ಹೆಸರಿನ ಕೆಳಗೇ ಇರಬೇಕೆಂದು 1998ರಲ್ಲಿ ಜಪಾನಿನಲ್ಲಿ ಒಂದು ಸಾಮಾನ್ಯ ನಿಯಮವು ಏರ್ಪಟ್ಟಿತು. ಇದರಿಂದ ಯಾವ ವಿಶೇಷ ತಂತ್ರಾಂಶವೂ ಇಲ್ಲದೆ ಯಾವ ಕಂಪ್ಯೂಟರಿನಲ್ಲಾದರೂ ಚಿತ್ರಗಳನ್ನು ಹುಡುಕಬಹುದು. ಮುಂದೆ ನಡೆಯಬೇಕಾದ ಕೆಲಸವು ಈ ಕ್ರಮದಲ್ಲಿರತಕ್ಕದ್ದು:

1. ಕಂಪ್ಯೂಟರಿನಲ್ಲಿ ಆ ದಿನದ ಹೆಸರಿನ ಹೊಸ ಫೋಲ್ಡರನ್ನು ಮಾಡುವುದು.

2. ಡಿಸಿಐಎಂ ಒಳಗಿನ ಚಿತ್ರಗಳನ್ನೆಲ್ಲ ಆರಿಸಿ, ‘ಕಾಪಿ’ ಎಂಬ ಆಜ್ಞೆಯಿಂದ ನಕಲು ಮಾಡಿ, ಹೊಸ ಫೋಲ್ಡರಿನಲ್ಲಿ ‘ಪೇಸ್ಟ್’ ಮಾಡುವುದು. ‘ಕಟ್’ ಎಂಬ ಆಜ್ಞೆಯನ್ನು ಎಂದಿಗೂ ಉಪಯೋಗಿಸಕೂಡದು. ಅದರಿಂದ ಚಿತ್ರಗಳು ಕಾರ್ಡಿನಿಂದ ಹೊರಟುಹೋಗುವುವು. ನಡುವೆ ವಿಘ್ನ ಬಂದರೆ ಎರಡು ಕಡೆಯಲ್ಲೂ ಕೆಡುವ ಭಯವುಂಟು.

3. ಕಾರ್ಡಿನಲ್ಲಿ ಎಷ್ಟು ಚಿತ್ರಗಳಿದ್ದುವೋ ಅಷ್ಟೇ ಚಿತ್ರಗಳು ಕಂಪ್ಯೂಟರಿನಲ್ಲಿಯೂ ಇವೆಯೇ ಎಂದು ಎಣಿಸಿ ನೋಡುವುದು. ಫೋಲ್ಡರಿನ ಮೇಲೆ ಮೌಸಿನ ಬಲಗುಂಡಿಯನ್ನು ಒತ್ತಿ ‘ಪ್ರಾಪರ್ಟೀಸ್’ ಎಂಬುದನ್ನು ಆರಿಸಿದರೆ ಸಂಖ್ಯೆಯೂ ಒಟ್ಟು ಗಾತ್ರವೂ ತಿಳಿಯುವುದು. ಅಲ್ಲದೆ ಮೊದಲಿನದೊಂದು, ನಡುವಿನದೊಂದು, ಕೊನೆಯದೊಂದು ಚಿತ್ರವನ್ನು ಪೂರ್ತಿಯಾಗಿ ತೆರೆದು ನೋಡುವುದು.

4. ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕಿನ ಮೇಲೆ ಇಡುವುದು.

5. ‘ಇಜೆಕ್ಟ್’ ಎಂಬ ಆಜ್ಞೆ ಕೊಟ್ಟ ತರುವಾಯವೇ ಕಾರ್ಡನ್ನು ಹೊರತೆಗೆಯುವುದು.

6. ಎರಡು ಪ್ರತಿಗಳು ಸಿದ್ಧವಾದುವೆಂದು ಖಚಿತವಾದ ಮೇಲೆ ಕಾರ್ಡಿನ ಚಿಲಕವನ್ನು ತೆಗೆದು, ಕ್ಯಾಮರಾದೊಳಗೆ ಹಾಕಿ, ಕ್ಯಾಮರಾದ ‘ಫಾರ್ಮ್ಯಾಟ್’ ಆಜ್ಞೆಯಿಂದ ಕಾರ್ಡನ್ನು ಬರಿದು ಮಾಡುವುದು.

ಕೆಲವು ತಂತ್ರಾಂಶಗಳು ಕಾರ್ಡನ್ನು ಸಿಕ್ಕಿಸಿದ ಕೂಡಲೇ ತಾವಾಗಿಯೇ ಎದ್ದು ಚಿತ್ರಗಳನ್ನು ಇಳಿಸಿಕೊಡಲು ಮುಂದಾಗುತ್ತವೆ. ಅವುಗಳಲ್ಲಿ ‘ಇಳಿಸಿಕೊಂಡ ಮೇಲೆ ಕಾರ್ಡಿನಿಂದ ಅಳಿಸು’ ಎಂಬ ಅರ್ಥದ ಒಂದು ಗುರುತಿನ ಚೌಕವಿರುವುದುಂಟು. ಅದನ್ನು ಖಾಲಿ ಬಿಡತಕ್ಕದ್ದು. ಎಣಿಕೆ ಮಾಡದ ಧಾನ್ಯಕ್ಕೆ ರಸೀತಿ ಬರೆದುಕೊಡುವ ಶಾನುಭೋಗನು ಹಿಂದೆಯೂ ಇರಲಿಲ್ಲ; ಈ ವಿಷಯದಲ್ಲಿಯೂ ಅದೇ ಎಚ್ಚರಿಕೆಯು ಬೇಕು.

ಕೈತಪ್ಪಿ ಅಳಿಸಿದ ಚಿತ್ರಗಳು

ಅಷ್ಟಾಗಿಯೂ ಚಿತ್ರಗಳು ಕೈತಪ್ಪಿ ಅಳಿಸಿಹೋದರೆ ಧೈರ್ಯಗೆಡಬೇಕಾದುದಿಲ್ಲ. ಅಳಿಸುವಿಕೆಯೆಂದರೆ ಬಹುಮಟ್ಟಿಗೆ ಖಾತೆಯ ಪುಸ್ತಕದಿಂದ ಹೆಸರನ್ನು ಹೊಡೆದುಹಾಕಿದಂತೆ. ಹೆಸರು ಹೋದರೂ ಜಮೀನು ಇದ್ದಲ್ಲಿಯೇ ಇರುವುದಷ್ಟೆ. ಮತ್ತೊಬ್ಬನು ಬಂದು ಉತ್ತು ಬಿತ್ತಿದ ಮೇಲೆ ಮಾತ್ರ ಹಳೆಯ ಬೆಳೆಯ ಗುರುತು ಅಳಿಯುವುದು. ಹಾಗೆಯೇ ಹೊಸ ಚಿತ್ರವು ಆ ಸ್ಥಳದಲ್ಲಿ ಬರೆಯಲ್ಪಡುವವರೆಗೆ ಹಳೆಯದು ಕಾರ್ಡಿನಲ್ಲಿ ಉಳಿದಿರುವುದುಂಟು. ಆದುದರಿಂದ ಅಳಿಸಿದುದು ತಿಳಿದ ಕ್ಷಣವೇ ಆ ಕಾರ್ಡಿನಿಂದ ಮತ್ತೆ ಒಂದು ಚಿತ್ರವನ್ನೂ ತೆಗೆಯದೆ, ಅದನ್ನು ಹೊರಗಿಟ್ಟು, ಫೋಟೋರೆಕ್ ಎಂಬ ಉಚಿತ ತಂತ್ರಾಂಶದಿಂದ ಹುಡುಕಿಸಬೇಕು. ದೊರೆತ ಚಿತ್ರಗಳನ್ನು ಅದೇ ಕಾರ್ಡಿನ ಮೇಲೆ ಇಳಿಸದೆ ಕಂಪ್ಯೂಟರಿನಲ್ಲಿ ಇಳಿಸಿಕೊಳ್ಳತಕ್ಕದ್ದು. ಎಲ್ಲವೂ ದೊರೆಯುವುದೆಂಬ ಭರವಸೆಯಿಲ್ಲ. ವಿಳಂಬವಾದಷ್ಟೂ, ಕಾರ್ಡನ್ನು ಬಳಸಿದಷ್ಟೂ ಆಸೆ ಕಡಿಮೆಯಾಗುವುದು.

ಹೆಸರಿಡುವುದು ಮತ್ತು ಜೋಡಿಸುವುದು

ಕ್ಯಾಮರಾವು ಚಿತ್ರಗಳಿಗೆ ತಾನೇ ಅಂಕಿಗಳ ಹೆಸರನ್ನು ಕೊಡುವುದು. ಈ ಅಂಕಿಯು 0001ರಿಂದ ಮೊದಲಾಗಿ 9999ರವರೆಗೆ ಹೋಗಿ ಪುನಃ ಮೊದಲಿನಿಂದ ಆರಂಭವಾಗುವುದು. ಎರಡು ಕ್ಯಾಮರಾಗಳ ಅಥವಾ ಎರಡು ವರ್ಷಗಳ ಚಿತ್ರಗಳು ಒಂದೇ ಫೋಲ್ಡರಿನಲ್ಲಿ ಸೇರಿದರೆ ಒಂದೇ ಹೆಸರಿನ ಚಿತ್ರಗಳು ಎದುರಾಗಿ, ಒಂದರ ಮೇಲೊಂದು ಬರೆದುಹೋಗುವ ಸಂಭವವುಂಟು. ಇದನ್ನು ತಪ್ಪಿಸಲು ದಿನಕ್ಕೊಂದು ಫೋಲ್ಡರನ್ನು ಇಡುವುದೇ ಸುಲಭೋಪಾಯ.

ಫೋಲ್ಡರಿನ ಹೆಸರಿನಲ್ಲಿ ಮೊದಲು ವರ್ಷ, ತರುವಾಯ ತಿಂಗಳು, ಆಮೇಲೆ ದಿನ, ಕೊನೆಗೆ ಜಮೀನು ಮತ್ತು ಬೆಳೆ ಇರಬೇಕು. ಉದಾಹರಣೆಗೆ: ‘2025-07-14 ಕೆರೆಕೆಳಗಿನ ಗದ್ದೆ ಬತ್ತ’. ವರ್ಷವನ್ನು ಮೊದಲು ಬರೆಯುವುದಕ್ಕೆ ಕಾರಣವೇನೆಂದರೆ, ಕಂಪ್ಯೂಟರು ಹೆಸರುಗಳನ್ನು ಎಡಗಡೆಯ ಅಕ್ಷರದಿಂದ ಹೋಲಿಸಿ ಸಾಲಾಗಿ ನಿಲ್ಲಿಸುತ್ತದೆ. ದಿನವನ್ನು ಮೊದಲು ಬರೆದರೆ ಜನವರಿ 14, ಜುಲೈ 14 ಇವು ಅಕ್ಕಪಕ್ಕದಲ್ಲಿ ಬಂದು ಗಲಿಬಿಲಿಯಾಗುವುದು. ಸರ್ವೆ ನಂಬರನ್ನು ಸೇರಿಸಿಕೊಂಡರೆ ಇನ್ನೂ ಒಳ್ಳೆಯದು. ಪ್ರತಿವರ್ಷವೂ ಅದೇ ಜಮೀನನ್ನು ಅದೇ ಬದುವಿನ ಮೇಲೆ ನಿಂತು, ಅದೇ ದಿಕ್ಕಿಗೆ ಮುಖಮಾಡಿ, ಬಿತ್ತನೆಯಾದ 30, 60, 90ನೆಯ ದಿನಗಳಲ್ಲಿ ಚಿತ್ರ ತೆಗೆದಿಟ್ಟರೆ, ನಾಲ್ಕು ವರ್ಷಗಳಲ್ಲಿ ಆ ಜಮೀನಿನ ಚರಿತ್ರೆಯೇ ಕಣ್ಣೆದುರಿಗೆ ನಿಲ್ಲುವುದು. ನೀರು ನಿಲ್ಲುವ ಮೂಲೆ, ಮಣ್ಣು ಕೊಚ್ಚಿಹೋಗುವ ಇಳಿಜಾರು, ಬೆಳೆ ಮೊದಲು ಬಾಡುವ ಪಟ್ಟೆ ಇವೆಲ್ಲವೂ ಅದರಲ್ಲಿ ವ್ಯಕ್ತವಾಗುವುವು.

ಯಾವ ತಂತ್ರಾಂಶವನ್ನು ಆರಿಸಬೇಕು?

ವಿಂಡೋಸ್ ಕಂಪ್ಯೂಟರುಗಳಲ್ಲಿ ‘ಫೋಟೋಸ್’ ಎಂಬ ತಂತ್ರಾಂಶವು ಮೊದಲೇ ಸೇರಿರುತ್ತದೆ. ಚಿತ್ರಗಳನ್ನು ಇಳಿಸಿಕೊಳ್ಳುವುದು, ತಿರುಗಿಸುವುದು, ಅಂಚನ್ನು ಕತ್ತರಿಸುವುದು, ಬೆಳಕನ್ನು ಹೆಚ್ಚು ಕಡಿಮೆ ಮಾಡುವುದು ಇವಿಷ್ಟಕ್ಕೆ ಅದೇ ಸಾಕು. ಆಪಲ್ ಕಂಪೆನಿಯ ಕಂಪ್ಯೂಟರುಗಳಲ್ಲಿಯೂ ಅದೇ ಹೆಸರಿನ ಬೇರೆ ತಂತ್ರಾಂಶವೊಂದಿದೆ. 2002ರಲ್ಲಿ ಬಂದ ಐಫೋಟೋ ಎಂಬುದರ ಸ್ಥಾನಕ್ಕೆ ಅದು 2015ರಲ್ಲಿ ಬಂದಿತು.

ಹಳೆಯ, ಬಲ ಕಡಿಮೆಯಾದ ಕಂಪ್ಯೂಟರು ಉಳ್ಳವರಿಗೆ ಇರ್ಫಾನ್‌ವ್ಯೂ ಎಂಬುದು ಬಹಳ ಅನುಕೂಲಕರವಾದುದು. ಬೋಸ್ನಿಯಾ ದೇಶದಲ್ಲಿ ಹುಟ್ಟಿ, ಆಸ್ಟ್ರಿಯಾದ ವಿಯೆನ್ನಾ ನಗರದಲ್ಲಿ ವ್ಯಾಸಂಗ ಮಾಡಿದ ಇರ್ಫಾನ್ ಸ್ಕಿಲ್ಯಾನ್ ಎಂಬಾತನು ಇದನ್ನು 1996ರಲ್ಲಿ ಹೊರತಂದನು. ಇದು ಅತಿ ಚಿಕ್ಕದು, ಶೀಘ್ರವಾಗಿ ತೆರೆಯತಕ್ಕದ್ದು. ವ್ಯಾಪಾರಕ್ಕಲ್ಲದ ಸ್ವಂತ ಉಪಯೋಗಕ್ಕೆ ಉಚಿತವಾದುದು. ನೂರು ಚಿತ್ರಗಳ ಹೆಸರನ್ನೋ ಗಾತ್ರವನ್ನೋ ಒಂದೇ ಬಾರಿಗೆ ಬದಲಾಯಿಸುವ ಸೌಲಭ್ಯವು ಇದರಲ್ಲಿದೆ. ಚಿತ್ರಗಳು ಸಾವಿರಗಟ್ಟಲೆ ಬೆಳೆದ ಮೇಲೆ ಅವನ್ನು ವಿಂಗಡಿಸಿಡಲು ಡಿಜಿಕ್ಯಾಮ್ ಎಂಬುದು ಉಪಯುಕ್ತ. ಹೆಚ್ಚಿನ ತಿದ್ದುವಿಕೆ ಬೇಕಾದವರಿಗೆ ಗಿಂಪ್ ಎಂಬುದಿದೆ. ಅಮೆರಿಕಾದ ಬರ್ಕ್ಲಿ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು ಅದನ್ನು ಮೊದಲು ರಚಿಸಿ 1996ರಲ್ಲಿ ಸಾರ್ವಜನಿಕರಿಗೆ ಒಪ್ಪಿಸಿದರು. ಇವೆರಡೂ ಯಾವ ಉಪಯೋಗಕ್ಕಾದರೂ ಉಚಿತವೇ. ಆದರೆ ಗಿಂಪ್‌ನಲ್ಲಿ ಉಪಕರಣಗಳು ಹೇರಳವಾಗಿರುವುದರಿಂದ ಹೊಸಬರು ಮೊದಲೇ ಅದಕ್ಕೆ ಕೈ ಹಾಕಿದರೆ ಬೇಸರಪಡುವರು. ಯಾವ ತಂತ್ರಾಂಶವನ್ನು ಪಡೆಯುವುದಾದರೂ ಅದರ ತಯಾರಕರ ಸ್ವಂತ ತಾಣದಿಂದಲೇ ಪಡೆಯತಕ್ಕದ್ದು. ಅನ್ಯರ ಕಡೆಯಿಂದ ಪಡೆದರೆ ಕಂಪ್ಯೂಟರಿಗೆ ಹಾನಿ ಮಾಡುವ ವಸ್ತುಗಳು ಅದರೊಡನೆ ಸೇರಿ ಬರುವ ಅಪಾಯವಿದೆ.

ಈ ಸಂದರ್ಭದಲ್ಲಿ ಪಿಕಾಸಾ ಎಂಬ ತಂತ್ರಾಂಶದ ಕಥೆಯನ್ನು ತಿಳಿದಿರುವುದು ಯುಕ್ತ. ಗೂಗಲ್ ಕಂಪೆನಿಯು 2004ರಲ್ಲಿ ಇದನ್ನು ಕೊಂಡು ಎಲ್ಲರಿಗೂ ಉಚಿತವಾಗಿ ಕೊಟ್ಟಿತು. ಹೊಸಬರಿಗೆ ಇದು ಬಹಳ ಸುಲಭವಾಗಿದ್ದು ಲೋಕಪ್ರಿಯವಾಯಿತು. ಆದರೆ 2016ನೆಯ ಮಾರ್ಚಿ 15ರಿಂದ ಕಂಪೆನಿಯು ಅದನ್ನು ಮುಂದುವರಿಸುವುದನ್ನು ನಿಲ್ಲಿಸಿತು. ಚಿತ್ರಗಳು ಕಂಪ್ಯೂಟರಿನ ಸಾಧಾರಣ ಫೋಲ್ಡರುಗಳಲ್ಲಿ ಅರ್ಥವಾಗುವ ಹೆಸರಿನಿಂದ ಇದ್ದವರಿಗೆ ಇದರಿಂದ ಯಾವ ನಷ್ಟವೂ ಆಗಲಿಲ್ಲ. ತಂತ್ರಾಂಶದೊಳಗಿನ ಜೋಡಣೆಯನ್ನೇ ನೆಚ್ಚಿದ್ದವರು ಆ ಜೋಡಣೆಯನ್ನು ಬೇರೆ ಕಡೆಗೆ ಸಾಗಿಸಲು ಶ್ರಮಪಡಬೇಕಾಯಿತು. ನೇಗಿಲು ಸವೆದರೆ ಬೇರೆ ನೇಗಿಲನ್ನು ಹೂಡಬಹುದು. ಜಮೀನು ಮಾತ್ರ ತನ್ನ ಸ್ವಾಧೀನದಲ್ಲಿರಬೇಕು. ತಂತ್ರಾಂಶವು ನೇಗಿಲಿನಂತೆ, ಚಿತ್ರಗಳ ಫೋಲ್ಡರು ಜಮೀನಿನಂತೆ ಎಂದು ಭಾವಿಸುವುದು ವಿವೇಕ.

ತಿದ್ದುವಿಕೆಯ ಮಿತಿ

ಬಿತ್ತನೆಗೆಂದು ತೆಗೆದಿಟ್ಟ ಬತ್ತವನ್ನು ಕುಟ್ಟಿ ಅಕ್ಕಿ ಮಾಡುವ ಬೇಸಾಯಗಾರನಿಲ್ಲ. ಚಿತ್ರದ ಮೂಲಪ್ರತಿಯೂ ಬಿತ್ತನೆಯ ಬೀಜಕ್ಕೆ ಸಮಾನ. ತಿದ್ದುವುದೇನಿದ್ದರೂ ನಕಲಿನ ಮೇಲೆ ನಡೆಯಬೇಕು. ಅನೇಕ ತಂತ್ರಾಂಶಗಳಲ್ಲಿ ‘ಸೇವ್’, ‘ಸೇವ್ ಆ್ಯಸ್’ ಎಂಬ ಅರ್ಥದ ಎರಡು ಆಜ್ಞೆಗಳಿರುತ್ತವೆ. ಮೊದಲನೆಯದು ಹಳೆಯದರ ಮೇಲೆಯೇ ಬರೆಯುವುದು. ಎರಡನೆಯದು ಬೇರೆ ಹೆಸರಿನಲ್ಲಿ ಹೊಸ ಪ್ರತಿಯನ್ನು ಮಾಡುವುದು. ಹೊಸಬರು ಯಾವಾಗಲೂ ಎರಡನೆಯದನ್ನೇ ಉಪಯೋಗಿಸತಕ್ಕದ್ದು.

ಬೇಸಾಯದ ಚಿತ್ರಗಳಿಗೆ ನಾಲ್ಕು ಬಗೆಯ ತಿದ್ದುವಿಕೆಗಳು ಸಾಕಾಗುವುವು.

ಮೊದಲನೆಯದು ತಿರುಗಿಸುವಿಕೆ. ಅಡ್ಡ ಬಿದ್ದ ಚಿತ್ರವನ್ನು ನೆಟ್ಟಗೆ ನಿಲ್ಲಿಸುವುದು ಇದರ ಉದ್ದೇಶ. ಇರ್ಫಾನ್‌ವ್ಯೂವಿನಲ್ಲಿ ಜೆಪೆಗ್ ಚಿತ್ರವನ್ನು ನಷ್ಟವಿಲ್ಲದೆ ತಿರುಗಿಸುವ ಆಜ್ಞೆಯು ಪ್ರತ್ಯೇಕವಾಗಿ ಇದೆ.

ಎರಡನೆಯದು ಕತ್ತರಿಸುವಿಕೆ, ಎಂದರೆ ಬೇಡವಾದ ಅಂಚನ್ನು ತೆಗೆದು ಬೇಕಾದ ಭಾಗವನ್ನು ಉಳಿಸಿಕೊಳ್ಳುವುದು. ಇದರ ಮಹತ್ವವು ಲೆಕ್ಕದಿಂದ ಸ್ಪಷ್ಟವಾಗುವುದು. ಮೇಲೆ ಹೇಳಿದ ಸೈನಿಕ ಹುಳುವಿನ ಬಲಿತ ಮರಿಯ ತಲೆಯ ಅಗಲ ಸುಮಾರು 3 ಮಿಲಿಮೀಟರು. 60 ಸೆಂಟಿಮೀಟರು ಅಗಲದ ನೋಟವನ್ನು 4,000 ಚುಕ್ಕೆಗಳಲ್ಲಿ ಹಿಡಿದರೆ ಆ ತಲೆಗೆ ದೊರೆಯುವುದು 20 ಚುಕ್ಕೆಗಳು ಮಾತ್ರ. ವೈ ಆಕಾರದ ಗೆರೆಯು ಅದರಲ್ಲಿ ಚೆನ್ನಾಗಿ ಕಾಣದು. ಹತ್ತಿರ ಹೋಗಿ 12 ಸೆಂಟಿಮೀಟರು ಅಗಲದ ನೋಟವನ್ನು ಹಿಡಿದರೆ ತಲೆಗೆ 100 ಚುಕ್ಕೆಗಳು ದೊರೆತು ಗೆರೆಯು ಸ್ಪಷ್ಟವಾಗುವುದು. ಈ ಎರಡನೆಯ ಚಿತ್ರವನ್ನು ಕಳುಹಿಸುವಾಗ ಇಡೀ ಚಿತ್ರವನ್ನು 800 ಚುಕ್ಕೆಗಳ ಅಗಲಕ್ಕೆ ಕುಗ್ಗಿಸಿದರೆ ತಲೆಗೆ ಪುನಃ 20 ಚುಕ್ಕೆಗಳೇ ಉಳಿದು, ಹತ್ತಿರ ಹೋದ ಶ್ರಮವೆಲ್ಲ ವ್ಯರ್ಥವಾಗುವುದು. ಅದರ ಬದಲು ಹುಳುವಿನ ಸುತ್ತಣ 1,200 ಚುಕ್ಕೆ ಅಗಲದ ಭಾಗವನ್ನು ಮಾತ್ರ ಕತ್ತರಿಸಿ ಕಳುಹಿಸಿದರೆ ಗಾತ್ರವೂ ಕಡಿಮೆ, ವಿವರವೂ ಪೂರ್ಣ. ದೂರದ ಚಿತ್ರವನ್ನು ಎಷ್ಟು ಕತ್ತರಿಸಿ ಹಿಗ್ಗಿಸಿದರೂ ಕ್ಯಾಮರಾ ಹಿಡಿಯದ ವಿವರವು ಹುಟ್ಟಲಾರದು ಎಂಬುದನ್ನೂ ನೆನಪಿನಲ್ಲಿಡಬೇಕು.

ಮೂರನೆಯದು ಬೆಳಕಿನ ಹೊಂದಾಣಿಕೆ. ಮೋಡ ಕವಿದ ದಿನ ಅಥವಾ ಅಡಿಕೆ ತೋಟದ ನೆರಳಿನಲ್ಲಿ ತೆಗೆದ ಚಿತ್ರವು ಕಪ್ಪಾಗಿದ್ದರೆ ಸ್ವಲ್ಪ ಬೆಳಗಿಸಬಹುದು. ಕಪ್ಪಾದ ಭಾಗದಲ್ಲಿ ಸ್ವಲ್ಪವಾದರೂ ವಿವರ ಅಡಗಿರುವುದುಂಟು. ಬಿಸಿಲಿನ ಹೊಡೆತಕ್ಕೆ ಪೂರ್ತಿ ಬಿಳುಪಾದ ಭಾಗದಲ್ಲಿ ವಿವರವೇ ಇಲ್ಲದ ಕಾರಣ ಅದನ್ನು ಸರಿಪಡಿಸಲಾಗದು. ನಡುಮಧ್ಯಾಹ್ನದ ಬಿಸಿಲಿಗಿಂತ ಬೆಳಗ್ಗೆ ಅಥವಾ ಸಂಜೆಯ ಬೆಳಕು ಚಿತ್ರಕ್ಕೆ ಹಿತವಾದುದಕ್ಕೆ ಇದೂ ಒಂದು ಕಾರಣ.

ನಾಲ್ಕನೆಯದು ಬಣ್ಣದ ಹೊಂದಾಣಿಕೆ. ಇದರಲ್ಲಿ ಅತ್ಯಂತ ಎಚ್ಚರಿಕೆ ಬೇಕು. ಬಿಸಿಲು, ನೆರಳು, ಮನೆಯ ದೀಪ ಇವುಗಳ ಬೆಳಕಿನ ಬಣ್ಣಗಳು ಬೇರೆ ಬೇರೆ. ಕ್ಯಾಮರಾವು ಬೆಳಕಿನ ಬಣ್ಣವನ್ನು ಊಹಿಸಿ ಚಿತ್ರವನ್ನು ಹೊಂದಿಸುತ್ತದೆ. ಊಹೆ ತಪ್ಪಿದರೆ ಹಸಿರೆಲೆಯು ಹಳದಿಯಾಗಿಯೂ ಹಳದಿಯು ಹಸಿರಾಗಿಯೂ ಕಾಣಬಹುದು. ಬತ್ತದ ಪೈರಿಗೆ ಸಾರಜನಕ ಸಾಲದೆ ಇದೆಯೇ ಎಂಬುದನ್ನು ಎಲೆ ಬಣ್ಣದ ಪಟ್ಟಿಯೊಡನೆ ಹೋಲಿಸಿ ತಿಳಿಯುವ ಪದ್ಧತಿಯುಂಟಷ್ಟೆ. ಬಣ್ಣವೇ ಪ್ರಧಾನವಾದ ಇಂಥ ಪರೀಕ್ಷೆಯಲ್ಲಿ ತಪ್ಪು ಬಣ್ಣದ ಚಿತ್ರವನ್ನು ನೆಚ್ಚಿದರೆ ಬೇಡದ ಯೂರಿಯಾ ಎರಚಿ, ಹಣವೂ ಹೋಗಿ, ಬೆಳೆಯೂ ರೋಗಕ್ಕೆ ಈಡಾದೀತು. ಇದಕ್ಕೆ ಸುಲಭವಾದ ಉಪಾಯವೆಂದರೆ, ಎಲೆಯ ಪಕ್ಕದಲ್ಲಿ ಒಂದು ಬಿಳಿಯ ಕಾಗದವನ್ನು ಇಟ್ಟು ಚಿತ್ರ ತೆಗೆಯುವುದು. ತಂತ್ರಾಂಶದಲ್ಲಿ ಆ ಕಾಗದವು ಬಿಳಿಯಾಗಿಯೇ ಕಾಣುವಂತೆ ಬಣ್ಣವನ್ನು ಹೊಂದಿಸಿದರೆ ಎಲೆಯ ಬಣ್ಣವೂ ನಿಜಕ್ಕೆ ಸಮೀಪವಾಗುವುದು. ಕಾಗದದ ಮೇಲೆ ಒಂದು ಅಳತೆಪಟ್ಟಿಯನ್ನೂ ಇಟ್ಟರೆ ಮಚ್ಚೆಯ ಗಾತ್ರವೂ ತಿಳಿಯುವುದು. ಚಿತ್ರವನ್ನು ಸುಂದರಗೊಳಿಸಲು ಮೊಬೈಲುಗಳಲ್ಲಿ ಇರುವ ಬಣ್ಣದ ‘ಫಿಲ್ಟರು’ಗಳನ್ನು ಬೆಳೆಯ ಚಿತ್ರಕ್ಕೆ ಸರ್ವಥಾ ಉಪಯೋಗಿಸಕೂಡದು.

ತಿದ್ದಲೇಬಾರದ ಚಿತ್ರಗಳು

ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಆಲಿಕಲ್ಲು ಮಳೆ ಮೊದಲಾದ ಸ್ಥಳೀಯ ವಿಪತ್ತಿನಿಂದ ಬೆಳೆ ನಷ್ಟವಾದರೆ 72 ಗಂಟೆಗಳೊಳಗಾಗಿ ತಿಳಿಸಬೇಕೆಂಬ ನಿಯಮವಿದೆ. ನಷ್ಟದ ಚಿತ್ರಗಳನ್ನು ತೆಗೆದಿಡುವುದು ಅಂಥ ಸಮಯದಲ್ಲಿ ಬಹಳ ಉಪಕಾರಿ. ಈ ಚಿತ್ರಗಳು ವರ್ಣನೆಗೆ ಇರುವಂಥವಲ್ಲ, ಸಾಕ್ಷ್ಯಕ್ಕೆ ಇರುವಂಥವು. ಅವುಗಳಲ್ಲಿ ಬೆಳಕನ್ನು ಹೆಚ್ಚಿಸಿದರೂ, ಅಂಚನ್ನು ಕತ್ತರಿಸಿದರೂ, ‘ಮತ್ತೇನನ್ನು ಬದಲಾಯಿಸಿದ್ದಾರೋ’ ಎಂಬ ಸಂದೇಹಕ್ಕೆ ಅವಕಾಶವಾಗುವುದು. ನಿಜವಾದ ನಷ್ಟವನ್ನು ಹೆಚ್ಚಾಗಿ ತೋರಿಸಲು ಹೋಗಿ ಚಿತ್ರವನ್ನು ಮಾರ್ಪಡಿಸಿದವನು ನ್ಯಾಯವಾಗಿ ದೊರೆಯಬೇಕಾದುದನ್ನೂ ಕಳೆದುಕೊಳ್ಳಬಹುದು. ಒಬ್ಬನ ಇಂಥ ಕೃತ್ಯದಿಂದ ಇಡೀ ಗ್ರಾಮದ ಮಾತಿಗೆ ಬೆಲೆ ಇಲ್ಲದಂತಾಗುವುದೆಂಬುದನ್ನು ಗ್ರಾಮ ಮುಖಂಡರು ಎಲ್ಲರಿಗೂ ಮನಗಾಣಿಸಬೇಕು.

2024ನೆಯ ಜುಲೈ 1ರಿಂದ ಜಾರಿಗೆ ಬಂದ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು ಕಂಪ್ಯೂಟರು ಮೊದಲಾದುವುಗಳಲ್ಲಿರುವ ದಾಖಲೆಗಳನ್ನು ನ್ಯಾಯಾಲಯದಲ್ಲಿ ಹಾಜರುಪಡಿಸುವ ಕ್ರಮವನ್ನು ವಿಧಿಸಿದೆ. ಅದರೊಡನೆ ಒಂದು ಪ್ರಮಾಣಪತ್ರವು ಇರತಕ್ಕದ್ದು. ಗಡಿಯ ವ್ಯಾಜ್ಯ, ನೀರಿನ ಕಾಲುವೆಯ ವ್ಯಾಜ್ಯ ಮುಂತಾದುವುಗಳಲ್ಲಿ ಚಿತ್ರವನ್ನು ಹಾಜರುಮಾಡುವ ಪ್ರಸಂಗ ಬರಬಹುದಾದ್ದರಿಂದ, ಮೂಲಪ್ರತಿಯನ್ನೂ ಅದನ್ನು ತೆಗೆದ ಕ್ಯಾಮರಾ ಅಥವಾ ಮೊಬೈಲನ್ನೂ ಕಾಪಾಡಿಕೊಂಡಿರುವುದು ಲೇಸು.

ವಾಟ್ಸಾಪ್ ಮೂಲಕ ಸಾಧಾರಣ ರೀತಿಯಲ್ಲಿ ಕಳುಹಿಸಿದ ಚಿತ್ರವು ದಾರಿಯಲ್ಲಿ ಕುಗ್ಗುವುದಲ್ಲದೆ, ತಾರೀಖು ಸ್ಥಳಗಳ ಗುಪ್ತ ಟಿಪ್ಪಣಿಯೂ ಅದರಿಂದ ಕಳಚಿಹೋಗುವುದು. ‘ಡಾಕ್ಯುಮೆಂಟ್’ ಎಂಬ ರೀತಿಯಲ್ಲಿ ಕಳುಹಿಸಿದರೆ ಮೂಲವು ಇದ್ದಂತೆಯೇ ತಲಪುವುದು. ಮೂಲಚಿತ್ರಗಳನ್ನು ಮೊಬೈಲಿನಿಂದ ಅಳಿಸಿ, ವಾಟ್ಸಾಪಿನಲ್ಲಿ ಉಳಿದುದನ್ನೇ ಮೂಲವೆಂದು ನಂಬಿಕೊಳ್ಳುವುದು ಸರಿಯಲ್ಲ.

ಕಾಪಾಡುವ ಬಗೆ

ಹುಲ್ಲಿನ ಬಣವೆಗಳನ್ನೆಲ್ಲ ಒಂದೇ ಕಣದಲ್ಲಿ ಒತ್ತಾಗಿ ಒಟ್ಟಿದರೆ ಒಂದು ಕಿಡಿಗೆ ಎಲ್ಲವೂ ಆಹುತಿಯಾಗುವುದು. ಚಿತ್ರಗಳ ವಿಷಯವೂ ಹಾಗೆಯೇ. ಕಂಪ್ಯೂಟರಿನ ಡಿಸ್ಕು ಒಂದು ದಿನ ಕೆಡುವುದು ನಿಶ್ಚಯ. ಎಂದು ಎಂಬುದು ಮಾತ್ರ ಅನಿಶ್ಚಯ. ಆದುದರಿಂದ ಒಟ್ಟು ಮೂರು ಪ್ರತಿಗಳಿರಬೇಕು: ಒಂದು ಕಂಪ್ಯೂಟರಿನಲ್ಲಿ, ಒಂದು ಹೊರಗಣ ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಬೇರೆ ಮನೆಯಲ್ಲಿ ಅಥವಾ ಅಂತರಜಾಲದ ಶೇಖರಣೆಯಲ್ಲಿ. ಹೊರಗಣ ಡಿಸ್ಕನ್ನು ಕೆಲಸ ಮುಗಿದ ಕೂಡಲೇ ಕಂಪ್ಯೂಟರಿನಿಂದ ಬೇರ್ಪಡಿಸಿ, ತೇವ ತಗುಲದ ಡಬ್ಬದಲ್ಲಿ ಇಡತಕ್ಕದ್ದು. ಸಿಡಿಲಿನ ಮಳೆಗಾಲದಲ್ಲಿ ಈ ಎಚ್ಚರಿಕೆಯು ಅತ್ಯವಶ್ಯ. ವರ್ಷಕ್ಕೊಮ್ಮೆ, ಉಗ್ರಾಣದ ಧಾನ್ಯವನ್ನು ಬಿಸಿಲಿಗೆ ಹಾಕಿ ನೋಡುವಂತೆ, ಹಳೆಯ ಚಿತ್ರಗಳಲ್ಲಿ ಕೆಲವನ್ನು ತೆರೆದು ನೋಡಿ ಪ್ರತಿಗಳು ಸುಸ್ಥಿತಿಯಲ್ಲಿವೆಯೇ ಎಂದು ಪರೀಕ್ಷಿಸಬೇಕು.

ಗ್ರಾಮ ಮುಖಂಡರು ಮಾಡಬಹುದಾದುದು

ಪ್ರತಿಯೊಬ್ಬ ಹಿಡುವಳಿದಾರನೂ ಕ್ಯಾಮರಾ ಮತ್ತು ಕಂಪ್ಯೂಟರುಗಳನ್ನು ಕೊಂಡುಕೊಳ್ಳಬೇಕೆಂಬುದು ಇಲ್ಲಿಯ ಅಭಿಪ್ರಾಯವಲ್ಲ. ಗ್ರಾಮಕ್ಕೆ ಒಂದು ಕಾರ್ಡ್ ರೀಡರು, ಒಂದು ಹೊರಗಣ ಡಿಸ್ಕು, ಇವನ್ನು ಬಳಸಬಲ್ಲ ಇಬ್ಬರು ತರುಣರು ಇದ್ದರೆ ಕಾರ್ಯಾರಂಭಕ್ಕೆ ಸಾಕು. ಗ್ರಾಮ ಪಂಚಾಯತಿಯ ಅರಿವು ಕೇಂದ್ರದಲ್ಲಿ ಕಂಪ್ಯೂಟರು ಇರುವೆಡೆ ಅದನ್ನೇ ಉಪಯೋಗಿಸಬಹುದು. ಶಾಲೆಯಲ್ಲಿ ಓದುವ ಹುಡುಗ ಹುಡುಗಿಯರು ಈ ಕೆಲಸವನ್ನು ಒಂದೆರಡು ದಿನಗಳಲ್ಲಿ ಕಲಿಯಬಲ್ಲರು. ಕೈಚಳಕಕ್ಕಿಂತಲೂ ಎಣಿಸಿ ನೋಡುವ ತಾಳ್ಮೆ, ಮೂಲವನ್ನು ಮುಟ್ಟದಿರುವ ನಿಷ್ಠೆ ಇವೇ ಈ ವಿದ್ಯೆಗೆ ಮುಖ್ಯವಾದುವು ಎಂಬುದನ್ನು ಹಿರಿಯರು ಅವರಿಗೆ ತಿಳಿಯಹೇಳಬೇಕು.

ಈ ಮುಂಗಾರಿನ ಬೆಳೆಯಿಂದಲೇ ಪ್ರಾರಂಭಿಸುವುದು ಒಳ್ಳೆಯದು. ಕ್ಯಾಮರಾದ ಗಡಿಯಾರವನ್ನು ಸರಿಪಡಿಸಿ, ಒಂದು ಜಮೀನನ್ನು ಆರಿಸಿ, ಬದುವಿನ ಮೇಲೆ ನಿಲ್ಲುವ ಸ್ಥಳಕ್ಕೆ ಒಂದು ಗೂಟ ನೆಟ್ಟು, ಬಿತ್ತನೆಯ ದಿನದ ಮೊದಲನೆಯ ಚಿತ್ರವನ್ನು ತೆಗೆದು, ಮೇಲೆ ಹೇಳಿದ ಕ್ರಮದಲ್ಲಿ ಇಳಿಸಿಡಬೇಕು. ಇಂಥ ಚಿತ್ರಮಾಲೆಯು ಕೈಯಲ್ಲಿದ್ದರೆ, ಮುಂದೆ ಹೊಸದೊಂದು ಹುಳುವೋ ರೋಗವೋ ಗ್ರಾಮಕ್ಕೆ ಕಾಲಿಟ್ಟಾಗ, ಅದು ಎಂದು ಬಂದಿತು, ಯಾವ ಮೂಲೆಯಿಂದ ಬಂದಿತು ಎಂಬುದಕ್ಕೆ ಖಚಿತವಾದ ಉತ್ತರವನ್ನು ಕೊಡಲು ಗ್ರಾಮಸ್ಥರು ಸಮರ್ಥರಾಗುವರು.